ಸಾರಾಂಶ ಬಂತು, ಪದ್ಯ ಎಲ್ಲಿ ಹೋಯಿತು?

ಎರಡು ವಾರಗಳ ಹಿಂದೆ, ಭಾನುವಾರದ ಎರಡನೆಯ ಬಲಿಪೂಜೆ ಮುಗಿಸಿ ನಾವು ಗುರುನಿವಾಸಕ್ಕೆ ಮರಳುತ್ತಿದ್ದಾಗ ಹತ್ತನೆಯ ತರಗತಿಯ ಬಾಲಕಿಯೊಬ್ಬಳು ತಾಯಿಯೊಡನೆ ಬಾಗಿಲಲ್ಲಿ ಕಾದು ನಿಂತಿದ್ದಳು. ಒಂದು ಕೈಯಲ್ಲಿ ಇಂಗ್ಲಿಷ್ ಪಠ್ಯಪುಸ್ತಕ, ಇನ್ನೊಂದು ಕೈಯಲ್ಲಿ ಅದಕ್ಕಿಂತ ದಪ್ಪನೆಯ ಗೈಡು. ಮರುದಿನ ತರಗತಿಯಲ್ಲಿ ಪದ್ಯವೊಂದರ ಮೇಲೆ ಚರ್ಚೆಯಿದೆಯೆಂದೂ ಪ್ರತಿಯೊಬ್ಬರೂ ಎರಡು ನಿಮಿಷ ಮಾತನಾಡಬೇಕೆಂದೂ ಶಿಕ್ಷಕಿ ತಿಳಿಸಿದ್ದರಂತೆ. "ಫಾದರ್, ಪಾಯಿಂಟ್ಸ್ ಬರೆದುಕೊಡಿ, ನಾನು ಬಾಯಿಪಾಠ ಮಾಡಿಕೊಳ್ತೇನೆ" ಎಂದಳು.

ಪದ್ಯ ಯಾವುದೆಂದು ನೋಡಿದೆವು. ಷೇಕ್ಸ್‌ಪಿಯರನ 'ವೆನಿಸಿನ ವ್ಯಾಪಾರಿ' ನಾಟಕದಿಂದ ಆಯ್ದ, ದಯೆಯ ಗುಣವನ್ನು ಕುರಿತ ಮಾತುಗಳು. ನಮ್ಮ ರಾಜ್ಯದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪಠ್ಯದಲ್ಲಿ ಹಲವು ವರ್ಷಗಳಿಂದ ಮಕ್ಕಳು ಓದಿಕೊಂಡು ಬಂದಿರುವ ಪದ್ಯವದು. ಒಪ್ಪಿಸು ಎಂದೆವು. ಒಂದಕ್ಷರ ತಪ್ಪದೆ ಒಪ್ಪಿಸಿದಳು. ಇದನ್ನು ಹೇಳುವವರು ಯಾರು ಎಂದಾಗ "ಪೋರ್ಷಿಯಾ" ಎಂದಳು. ಯಾರಿಗೆ ಹೇಳುತ್ತಾಳೆ? "ಶೈಲಾಕ್‌ಗೆ." ಯಾಕೆ ಹೇಳಬೇಕಾಯಿತು, ಹೇಳಿದ ಮೇಲೆ ಏನಾಯಿತು? ಹುಡುಗಿ ಗೈಡಿನ ಹಾಳೆ ತಿರುವಿದಳು. ತಾಯಿ ಮೆಲ್ಲನೆ ಹೇಳಿದರು: "ಅದು ಪರೀಕ್ಷೆಗೆ ಬರುವುದಿಲ್ಲವಂತೆ, ಫಾದರ್."

ಆ ತಾಯಿಯ ಮಾತು ಅಂದಿನಿಂದ ನಮ್ಮ ಮನಸ್ಸನ್ನು ಬಿಟ್ಟು ಹೋಗಿಲ್ಲ. ಪದ್ಯ ಕಲಿಯುವುದೆಂದರೇನು, ಅದರ ಬಗ್ಗೆ ಮಾತನಾಡಲು ಸಿದ್ಧವಾಗುವುದೆಂದರೇನು ಎಂಬುದು ಶಿಕ್ಷಕರಿಗೆ ಬಿಟ್ಟ ವಿಷಯವೆಂದು ನಾವು ತಿಳಿದಿದ್ದೆವು. ಇಂದಿನ ವಿದ್ಯಮಾನಗಳನ್ನು ನೋಡಿದರೆ ಅದು ಪ್ರತಿಯೊಂದು ಕುಟುಂಬದ ವಿಷಯವೆಂದು ಅನ್ನಿಸುತ್ತದೆ.

ಪಟ್ಟಿಯ ಜಗಳ

ಶಾಲೆಯ ಪದ್ಯಗಳ ಬಗ್ಗೆ ಸಾರ್ವಜನಿಕರು ಕಾವೇರಿದ ಮಾತನಾಡುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ: ಪಟ್ಟಿಯಲ್ಲಿ ಯಾರಿರಬೇಕು, ಯಾರಿರಬಾರದು ಎಂಬ ಪ್ರಶ್ನೆ ಎದ್ದಾಗ.

ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿನ ಹದಿನಾರರ ಪ್ರಾಯದ ಮಕ್ಕಳು ಬರೆಯುವ ಜಿ.ಸಿ.ಎಸ್.ಇ. ಪರೀಕ್ಷೆಗೆ ಓ.ಸಿ.ಆರ್. ಎಂಬ ಪರೀಕ್ಷಾ ಮಂಡಳಿಯು 2022ರ ಜೂನ್‌ನಲ್ಲಿ ಹೊಸ ಪದ್ಯಸಂಗ್ರಹವನ್ನು ಪ್ರಕಟಿಸಿತು. ಹಳೆಯ 15 ಪದ್ಯಗಳು ಹೊರಗೆ ಹೋದವು. ಹೊಸ 15 ಒಳಗೆ ಬಂದವು. ಹೊರಗೆ ಹೋದವುಗಳಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ವಿಲ್‌ಫ್ರೆಡ್ ಓವೆನ್‌ನದೂ ಫಿಲಿಪ್ ಲಾರ್ಕಿನ್‌ನದೂ ಇದ್ದವು. ಒಳಬಂದ ಕವಿಗಳಲ್ಲಿ ಬಹುಪಾಲು ಬಿಳಿಯರಲ್ಲದವರು. ಆಗಿನ ಶಿಕ್ಷಣ ಸಚಿವ ನಾದಿಮ್ ಜಹಾವಿ ಇದು ಸಂಸ್ಕೃತಿಯನ್ನು ಹಾಳುಗೆಡಹುವ ಕೃತ್ಯವೆಂದು ಖಂಡಿಸಿದರು. ಇರಾಕಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಇಂಗ್ಲೆಂಡಿಗೆ ವಲಸೆ ಬಂದವರು ಅವರು. ಇಂಗ್ಲಿಷನ್ನು ಹಿಡಿತಕ್ಕೆ ತಂದುಕೊಳ್ಳುತ್ತಿದ್ದ ಎಳೆಯ ಪ್ರಾಯದಲ್ಲಿ ತಮ್ಮ ಹೊಸ ನಾಡನ್ನು ಪರಿಚಯಿಸಿದ್ದು ಲಾರ್ಕಿನ್‌ನ ಪದ್ಯಗಳೆಂದು ನೆನೆದರು. ಇತ್ತ ಮಂಡಳಿಯವರು, ತರಗತಿಯಲ್ಲಿ ಕುಳಿತಿರುವ ಎಲ್ಲ ಬಣ್ಣದ ಮಕ್ಕಳೂ ತಮ್ಮನ್ನು ಪುಸ್ತಕದಲ್ಲಿ ಕಾಣಬೇಕೆಂಬ ನಿಲುವಿನವರು. ಎರಡೂ ಕಡೆ ಸತ್ಯದ ಅಂಶವಿದೆ.

ನಮ್ಮಲ್ಲಿಯೂ ಅದೇ 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದ ಎದ್ದಿತು. ಅದು ಮುಖ್ಯವಾಗಿ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳಿಗೆ ಸಂಬಂಧಿಸಿದ್ದು. ದೇವನೂರ ಮಹಾದೇವ ಅವರು ತಮ್ಮ ಬರಹವನ್ನು ಪಠ್ಯದಲ್ಲಿ ಸೇರಿಸಲು ಕೊಟ್ಟಿದ್ದ ಅನುಮತಿಯನ್ನು ಹಿಂಪಡೆದರು. ಮತ್ತೆ ಕೆಲವು ಲೇಖಕರು ಅದೇ ದಾರಿ ಹಿಡಿದರು. ಸಮಿತಿ ವಿಸರ್ಜನೆಯಾಯಿತು, 2023ರಲ್ಲಿ ಹೊಸ ಸರಕಾರ ಬಂದು ಮತ್ತೆ ಪಾಠಗಳನ್ನು ಬದಲಿಸಿತು.

ಈ ಜಗಳಗಳನ್ನು ನಾವು ಕ್ಷುಲ್ಲಕವೆನ್ನುವುದಿಲ್ಲ. ಮಕ್ಕಳ ಬಟ್ಟಲಿಗೆ ಏನು ಬಡಿಸುತ್ತೇವೆ ಎಂಬುದು ಮುಖ್ಯವೇ. ಆದರೆ ಬಡಿಸಿದ್ದನ್ನು ಮಕ್ಕಳು ಉಂಡರೇ ಎಂದು ಎರಡೂ ದೇಶಗಳಲ್ಲಿ ಕೇಳಿದವರು ಕಡಿಮೆ. ಓವೆನ್ ಇರಲಿ, ಅವನ ಸ್ಥಾನಕ್ಕೆ ಬಂದ ಇನ್ನೊಬ್ಬನಿರಲಿ, ಮಗು ಓದಿದ್ದು ಗೈಡಿನ ಹತ್ತು ಸಾಲುಗಳನ್ನು ಮಾತ್ರವಾದರೆ ಪಟ್ಟಿಯ ಗೆಲವಿನಿಂದ ಯಾರಿಗೆ ಏನು ದಕ್ಕಿತು?

ಗೈಡು ಹೇಳದ ಕಥೆ

ನಮ್ಮ ಬಾಲಕಿಯ ಪದ್ಯಕ್ಕೇ ಮರಳೋಣ. ಗೈಡಿನಲ್ಲಿ ಅದರ ಸಾರಾಂಶ ಹೀಗಿತ್ತು: ದಯೆ ದೊಡ್ಡ ಗುಣ, ಕೊಡುವವನನ್ನೂ ಪಡೆಯುವವನನ್ನೂ ಅದು ಹರಸುತ್ತದೆ, ಆದ್ದರಿಂದ ನಾವೆಲ್ಲರೂ ದಯಾವಂತರಾಗಬೇಕು. ಇದರಲ್ಲಿ ತಪ್ಪೇನಿಲ್ಲ. ಆದರೆ ಧರ್ಮೋಪದೇಶದ ತರಗತಿಯಲ್ಲಿ ನಾವು ಇದನ್ನೇ ಒಂದು ವಾಕ್ಯದಲ್ಲಿ ಹೇಳುತ್ತೇವೆ. ಅಷ್ಟಕ್ಕೆ ಷೇಕ್ಸ್‌ಪಿಯರ್ ಯಾಕೆ ಬೇಕು?

ಕಥೆಯನ್ನು ತೆರೆದಾಗ ಪದ್ಯ ಬೇರೆಯೇ ಆಗುತ್ತದೆ. ಕ್ರೈಸ್ತ ವ್ಯಾಪಾರಿ ಆಂಟೋನಿಯೋ ತನ್ನ ಗೆಳೆಯನಿಗಾಗಿ ಯೆಹೂದ್ಯ ಲೇವಾದೇವಿಗಾರ ಶೈಲಾಕ್‌ನಿಂದ ಮೂರು ತಿಂಗಳ ಮಟ್ಟಿಗೆ 3000 ಡಕಟ್ ಸಾಲ ಪಡೆದಿದ್ದಾನೆ. ಅವಧಿಗೆ ತೀರಿಸದಿದ್ದರೆ ಮೈಯಿಂದ ಒಂದು ಪೌಂಡು ಮಾಂಸ ಕೊಡಬೇಕೆಂಬುದು ಕರಾರು. ಅದೇ ಆಂಟೋನಿಯೋ ಹಿಂದೆ ಶೈಲಾಕ್‌ನನ್ನು ನಾಯಿಯೆಂದು ಜರೆದವನು, ಅವನ ಮೇಲೆ ಉಗುಳಿದವನು. ಸಾಲ ತೀರಲಿಲ್ಲ. ನ್ಯಾಯಸ್ಥಾನದಲ್ಲಿ ಶೈಲಾಕ್ ಕತ್ತಿ ಮಸೆಯುತ್ತಿದ್ದಾನೆ. ನ್ಯಾಯಶಾಸ್ತ್ರ ಬಲ್ಲ ಯುವಕನ ವೇಷದಲ್ಲಿ ಬಂದ ಪೋರ್ಷಿಯಾ ಅವನಿಗೆ ದಯೆ ತೋರೆಂದು ಹೇಳುವ ಮಾತುಗಳೇ ಈ ಪದ್ಯ. ಅವನು ಒಪ್ಪುವುದಿಲ್ಲ.

ಅನಂತರ ನಡೆಯುವುದನ್ನು ಗಮನಿಸಿ. ಮಾಂಸ ತೆಗೆದುಕೊ, ಆದರೆ ರಕ್ತದ ಹನಿ ಬೀಳಕೂಡದು ಎಂಬ ವಾದದಿಂದ ಪೋರ್ಷಿಯಾ ಗೆಲ್ಲುತ್ತಾಳೆ. ಕಾನೂನು ಈಗ ಶೈಲಾಕ್‌ನ ಮೇಲೆಯೇ ತಿರುಗುತ್ತದೆ. ಅವನ ಪ್ರಾಣ ಉಳಿಯುತ್ತದೆ. ಆದರೆ ಆಸ್ತಿಯ ಮೇಲಿನ ಸ್ವಾಧೀನ ಹೋಗುತ್ತದೆ. ಕೊನೆಗೆ ಆಂಟೋನಿಯೋ ಒಂದು ಷರತ್ತು ಹಾಕುತ್ತಾನೆ: ಇವನು ಕ್ರೈಸ್ತನಾಗಬೇಕು. ದಯೆಯ ಬಗ್ಗೆ ಅಷ್ಟು ಸೊಗಸಾಗಿ ಮಾತನಾಡಿದ ಸಭೆಯಲ್ಲಿಯೇ ಒಬ್ಬ ಮುದುಕನ ಧರ್ಮವನ್ನು ಬಲವಂತದಿಂದ ಕಿತ್ತುಕೊಳ್ಳಲಾಗುತ್ತದೆ. ಮೈ ಸರಿಯಿಲ್ಲ, ಹೋಗಲು ಬಿಡಿ ಎಂದು ಬೇಡಿ ಅವನು ಹೊರನಡೆಯುತ್ತಾನೆ.

ದಯೆಯನ್ನು ಕೇಳಿದವರು ತಮ್ಮ ಸರದಿ ಬಂದಾಗ ದಯೆ ಕೊಟ್ಟರೇ? ಪ್ರಾಣ ಉಳಿಸಿದ್ದೇ ದಯೆಯೇ? ಅವನು ಕ್ರೈಸ್ತನಾದರೆ ಅವನ ಆತ್ಮಕ್ಕೆ ಒಳಿತೆಂದು ಆ ಕಾಲದ ಪ್ರೇಕ್ಷಕರು ಪ್ರಾಮಾಣಿಕವಾಗಿ ನಂಬಿದ್ದಿರಬಹುದಲ್ಲವೇ? ಹಾಗಾದರೆ ಒಳ್ಳೆಯ ಉದ್ದೇಶ ಬಲವಂತವನ್ನು ಸಮರ್ಥಿಸುತ್ತದೆಯೇ? ಚರ್ಚೆ ಎಂದರೆ ಇದು. ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ಷೇಕ್ಸ್‌ಪಿಯರ್ ಕೂಡ ಉತ್ತರ ಬರೆದುಕೊಟ್ಟಿಲ್ಲ.

ಕಥೋಲಿಕರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆಯಲ್ಲಿ ಯೆಹೂದ್ಯರ ಮೇಲಿನ ದ್ವೇಷವನ್ನು, ಅದು ಯಾವ ಕಾಲದಲ್ಲಿ ಯಾರಿಂದ ನಡೆದಿದ್ದರೂ, ಖಂಡಿಸಿತು. ಅದೇ ವರ್ಷ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದೆಂದು ಸಾರಿತು. ಆ ಮಾತಿಗೆ ಬರಲು ಧರ್ಮಸಭೆಗೆ ಎಷ್ಟು ಶತಮಾನಗಳ ದಾರಿ ಸವೆಸಬೇಕಾಯಿತೆಂಬುದನ್ನು ಹದಿನೈದರ ಹುಡುಗಿಯೊಬ್ಬಳು ಈ ಪದ್ಯದ ಮೂಲಕ ಅರಿಯಬಹುದಿತ್ತು. ನಾಟಕದ ನಾಲ್ಕನೆಯ ಅಂಕದಲ್ಲಿ ಬರುವ ಈ ಮಾತುಗಳು ನಮ್ಮ ಮಕ್ಕಳ ಪಾಲಿಗೆ ಬರಿಯ ಪರೀಕ್ಷೆಯ ಅಂಕಗಳಾಗಿ ಉಳಿದುಬಿಟ್ಟಿವೆ.

ಸಾರಾಂಶದ ಬೆಲೆ ಕುಸಿದಿದೆ

ಇಲ್ಲಿ ಹೆತ್ತವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಎಸ್.ಎಸ್.ಎಲ್.ಸಿ. ಅಂಕಗಳು ಮುಂದಿನ ಕಾಲೇಜನ್ನು ನಿರ್ಧರಿಸುತ್ತವೆ. ಬೀಡಿ ಕಟ್ಟಿ, ತೋಟದಲ್ಲಿ ದುಡಿದು, ಗಲ್ಫಿನಲ್ಲಿ ಬೆವರು ಸುರಿಸಿ ಮಕ್ಕಳನ್ನು ಓದಿಸುವ ಕುಟುಂಬಗಳಿಗೆ ಅಂಕವು ಅಲಂಕಾರವಲ್ಲ, ಆಧಾರ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದಿದ್ದಾಗ ಗೈಡು ಕೈಗೋಲಾಗುತ್ತದೆ. ಕೈಗೋಲನ್ನು ನಾವು ನಿಂದಿಸುವುದಿಲ್ಲ. ಬಾಯಿಪಾಠವನ್ನೂ ನಿಂದಿಸುವುದಿಲ್ಲ. ಕಂಠಸ್ಥವಾದ ಪದ್ಯ ಜೀವನದ ಯಾವುದೋ ಕಷ್ಟದ ದಿನ ತಾನಾಗಿಯೇ ನಾಲಗೆಗೆ ಬಂದು ಅರ್ಥ ಕೊಡುವುದುಂಟು. ಕೀರ್ತನೆಗಳನ್ನು ಬಲ್ಲವರಿಗೆ ಇದು ಗೊತ್ತು. ನಮ್ಮ ಆಕ್ಷೇಪ ಬೇರೆಯವರು ಹೇಳಿದ ಅರ್ಥವನ್ನು ಬಾಯಿಪಾಠ ಮಾಡುವುದಕ್ಕೆ.

ಅಂಕದ ದೃಷ್ಟಿಯಿಂದಲೇ ನೋಡಿದರೂ ಈ ದಾರಿ ಇಂದು ಸುರಕ್ಷಿತವಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾ ಕಣ್ಗಾವಲು ಬಂದಿತು. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ ಆ ವರ್ಷ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಇಳಿಕೆಗೆ ಕಾರಣಗಳು ಹಲವಿರಬಹುದು; ಆದರೂ ಒಳಗೆ ಇಳಿಯದ ವಿದ್ಯೆ ಕಠಿಣ ಗಳಿಗೆಯಲ್ಲಿ ಕೈಕೊಡುತ್ತದೆಂಬ ಹಿರಿಯರ ಮಾತು ನೆನಪಾಗದಿರದು. ಇತ್ತ ಸಿ.ಬಿ.ಎಸ್.ಇ.ಯವರು ಇಂಗ್ಲಿಷಿನಲ್ಲಿ ಆಲಿಸುವ ಮತ್ತು ಮಾತನಾಡುವ ಸಾಮರ್ಥ್ಯವನ್ನೂ ಆಂತರಿಕ ಮೌಲ್ಯಮಾಪನದಲ್ಲಿ ಅಳೆಯುತ್ತಾರೆ.

ಇನ್ನೊಂದು ದೊಡ್ಡ ಬದಲಾವಣೆ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಆಗಿದೆ. ಯಾವ ಪದ್ಯದ ಸಾರಾಂಶವನ್ನಾದರೂ ಯಂತ್ರವು ಕ್ಷಣಾರ್ಧದಲ್ಲಿ, ವ್ಯಾಕರಣದ ತಪ್ಪಿಲ್ಲದೆ, ತಂದೆಯ ಮೊಬೈಲಿನಲ್ಲಿಯೇ ಬರೆದುಕೊಡುತ್ತದೆ. ಎಲ್ಲರ ಕೈಗೂ ಒಂದೇ ಗಳಿಗೆಯಲ್ಲಿ ಸಿಗುವ ವಸ್ತುವಿಗೆ ಸಂತೆಯಲ್ಲಿ ಬೆಲೆಯಿರುವುದಿಲ್ಲ. ಸಾರಾಂಶ ಬರೆಯಬಲ್ಲೆ ಎಂಬುದು ನಾಳೆ ಯಾರಿಗೂ ಅರ್ಹತೆಯಾಗದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ನಾವು ಒಂದು ವಿಚಾರವನ್ನು ಕಂಡಿದ್ದೆವು. ಬರೆದಿಟ್ಟ ಅಕ್ಷರಗಳನ್ನು ಪ್ರಶ್ನಿಸಿದರೆ ಅವು ಹೇಳಿದ್ದನ್ನೇ ಹೇಳುತ್ತವೆ, ತಮ್ಮನ್ನು ತಾವು ಸಮರ್ಥಿಸಿಕೊಳ್ಳಲಾರವು ಎಂದು ಸಾಕ್ರೆಟಿಸ್ ಅಲ್ಲಿ ವಾದಿಸುತ್ತಾನೆ. ಇಂದು ಯಂತ್ರವು ಮರುಪ್ರಶ್ನೆಗೂ ಉತ್ತರ ಕೊಡುತ್ತದೆ, ನಿಜ. ಆದರೆ ತರಗತಿಯಲ್ಲಿ ಗೆಳತಿ ಎದ್ದು "ನೀನು ಹಾಗೆ ಯಾಕೆ ಹೇಳ್ತೀ?" ಎಂದು ಕೇಳುವುದು ಯಂತ್ರವನ್ನಲ್ಲ, ನಮ್ಮ ಮಗುವನ್ನು. ಆ ಗಳಿಗೆಯಲ್ಲಿ ಎರವಲು ಮಾತು ಮುಗಿಯುತ್ತದೆ. ತಾನೇ ಓದಿದವನು ಮಾತ್ರ ಉತ್ತರಿಸಬಲ್ಲ, ಅಥವಾ "ನೀನು ಹೇಳಿದ್ದು ಸರಿ, ನಾನು ಅದನ್ನು ಗಮನಿಸಲಿಲ್ಲ" ಎಂದು ಒಪ್ಪಬಲ್ಲ. ಈ ಎರಡನೆಯ ಮಾತನ್ನು ಕಲಿತ ಮಗು ಮುಂದೆ ಒಳ್ಳೆಯ ಗಂಡ, ಒಳ್ಳೆಯ ಹೆಂಡತಿ, ಒಳ್ಳೆಯ ಪ್ರಜೆಯಾಗುವುದೆಂದು ಮದುವೆಯ ಜಗಳಗಳನ್ನು ಎಷ್ಟೋ ವರ್ಷ ಕೇಳಿದ ನಾವು ಧೈರ್ಯವಾಗಿ ಹೇಳಬಲ್ಲೆವು.

ಕೊರೋನಾ ಕಾಲವೂ ಇದಕ್ಕೆ ಸಾಕ್ಷಿ ನುಡಿದಿದೆ. ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಸಂಸ್ಥೆಯು 2020ರ ಆಗಸ್ಟಿನಲ್ಲಿ, 2021ರ ಸಾಹಿತ್ಯ ಪರೀಕ್ಷೆಯಲ್ಲಿ ಷೇಕ್ಸ್‌ಪಿಯರನನ್ನು ಕಡ್ಡಾಯವಾಗಿ ಉಳಿಸಿ, ಪದ್ಯವನ್ನು ಶಾಲೆಗಳು ಬಿಡಬಹುದಾದ ವಿಷಯಗಳಲ್ಲಿ ಸೇರಿಸಿತು. ದೂರದಿಂದ ಕಲಿಯುವ ಮಕ್ಕಳಿಗೆ ಜಟಿಲ ಸಾಹಿತ್ಯವನ್ನು ಗ್ರಹಿಸುವುದು ಕಷ್ಟವೆಂಬ ಆತಂಕ ಅದರ ಹಿಂದಿತ್ತು. ಆ ವರ್ಷದ ಪರೀಕ್ಷೆಗಳೇ ಕೊನೆಗೆ ರದ್ದಾದವು. ಆದರೆ ಆ ತೀರ್ಮಾನದಲ್ಲಿ ಅರಿಯದೆಯೇ ಒಂದು ಸತ್ಯ ಹೊರಬಿತ್ತು: ಪದ್ಯಕ್ಕೆ ಜನ ಬೇಕು. ಒಬ್ಬನೇ ಕುಳಿತು ಪರದೆ ನೋಡಿದರೆ ಅದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಸಾಂತಾ ಫೆಯ ಒಂದು ತರಗತಿ

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2024ರ ಜುಲೈ 17ರ ದಿನಾಂಕದೊಡನೆ ಸಾಹಿತ್ಯದ ಓದಿನ ಬಗ್ಗೆ ಪತ್ರವೊಂದನ್ನು ಬರೆದರು. ಗುರುಗಳ ರೂಪಣೆಗಾಗಿ ಆರಂಭಿಸಿದ ಪತ್ರವನ್ನು ಎಲ್ಲ ಕ್ರೈಸ್ತರಿಗೂ ಅನ್ವಯಿಸಿದರು. ಅದರಲ್ಲಿ ತಮ್ಮ ಅನುಭವವೊಂದನ್ನು ಹೇಳಿದ್ದಾರೆ. 1964-65ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಅವರು ಅರ್ಜೆಂಟೀನಾದ ಸಾಂತಾ ಫೆ ಪಟ್ಟಣದ ಯೇಸುಸಭೆಯ ಪ್ರೌಢಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದದ್ದು 'ಎಲ್ ಸಿದ್' ಎಂಬ ಪುರಾತನ ಸ್ಪ್ಯಾನಿಷ್ ವೀರಕಾವ್ಯ. ಹುಡುಗರಿಗೆ ಅದು ರುಚಿಸಲಿಲ್ಲ. ಗಾರ್ಸಿಯಾ ಲೋರ್ಕಾನನ್ನು ಓದೋಣವೇ ಎಂದು ಕೇಳುತ್ತಿದ್ದರು. ಎಳೆಯ ಮೇಷ್ಟ್ರು ಒಂದು ಉಪಾಯ ಕಂಡುಕೊಂಡರು: ವೀರಕಾವ್ಯವನ್ನು ಮನೆಯಲ್ಲಿ ಓದಿಕೊಂಡು ಬನ್ನಿ, ನೀವು ಇಷ್ಟಪಡುವ ಲೇಖಕರ ಬಗ್ಗೆ ತರಗತಿಯಲ್ಲಿ ಮಾತನಾಡೋಣ.

ಅವರು ಪಠ್ಯವನ್ನು ಕೈಬಿಡಲಿಲ್ಲ, ಹುಡುಗರ ಒಲವನ್ನೂ ತಳ್ಳಿಹಾಕಲಿಲ್ಲ. ಮನೆಯ ಓದಿಗೂ ತರಗತಿಯ ಮಾತಿಗೂ ತಕ್ಕ ಸ್ಥಾನ ಕೊಟ್ಟರು. 1965ರಲ್ಲಿ ಮಹಾಲೇಖಕ ಬೋರ್ಹೆಸ್‌ರನ್ನು ಆ ಶಾಲೆಗೆ ಕರೆಸಿದರು. ವಿದ್ಯಾರ್ಥಿಗಳಿಗೆ ಬೋರ್ಹೆಸ್ ಹೇಳುತ್ತಿದ್ದ ಸಲಹೆಯನ್ನೂ ಪತ್ರದಲ್ಲಿ ನೆನೆದಿದ್ದಾರೆ: ಮೊದಲು ಕೃತಿಯನ್ನೇ ನೇರವಾಗಿ ಓದಿ, ಅದರ ಬಗ್ಗೆ ಇತರರು ಮಾಡಿದ ಟೀಕೆಗಳಿಗೆ ಅಂಟಿಕೊಳ್ಳಬೇಡಿ. ನಮ್ಮ ಗೈಡುಗಳ ಹೊದಿಕೆಯ ಮೇಲೆ ಅಚ್ಚಾಗಬೇಕಾದ ಮಾತಿದು.

ಇದನ್ನು ಬರೆಯುವಾಗ ನಾವು ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. ಶಾಲೆಗಳನ್ನು ನಡೆಸುವುದರಲ್ಲಿ ನಮ್ಮ ಸಮುದಾಯಕ್ಕೆ ಹೆಸರಿದೆ. ಆದರೆ ನೂರಕ್ಕೆ ನೂರು ಫಲಿತಾಂಶದ ಫಲಕವನ್ನು ದ್ವಾರದಲ್ಲಿ ತೂಗುಹಾಕುವ ಆತುರದಲ್ಲಿ, ಚರ್ಚೆಗೆ ಒಂದು ಪಿರಿಯಡ್ ಕೊಟ್ಟ ಶಿಕ್ಷಕಿಗೆ "ಪೋರ್ಷನ್ ಮುಗಿಯಿತೇ?" ಎಂದು ಕೇಳಿದವರಲ್ಲಿ ನಾವೂ ಒಬ್ಬರು.

ಮನೆಯಲ್ಲಿ ಮಾಡಬಹುದಾದದ್ದು

ಚರ್ಚೆಗೆ ಮಗುವನ್ನು ಸಿದ್ಧಗೊಳಿಸಲು ತಂದೆತಾಯಿಗಳಿಗೆ ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ರಾತ್ರಿಯ ಜಪಸರದ ಬಳಿಕ ಹತ್ತು ನಿಮಿಷ ಸಾಕು.

ಮೊದಲು ಮಗು ಪದ್ಯವನ್ನು ಗಟ್ಟಿಯಾಗಿ ಎರಡು ಮೂರು ಬಾರಿ ಓದಲಿ; ಪದ್ಯ ಕಿವಿಗಾಗಿ ಹುಟ್ಟಿದ್ದು. ಆಮೇಲೆ ಗೈಡು ಮುಚ್ಚಿಟ್ಟು, ಮಾತನಾಡುವವರು ಯಾರು, ಯಾರಿಗೆ, ಯಾವ ಸಂಕಟದಲ್ಲಿ ಎಂದು ಕೇಳಿ. ಬಳಿಕ ಮನೆಮಾತಿನಲ್ಲಿ, ಕೊಂಕಣಿಯಾಗಲಿ ತುಳುವಾಗಲಿ ಕನ್ನಡವಾಗಲಿ, ಅದನ್ನು ಹೇಳಿಸಿ. ಹೇಳಲು ತೊಡಕಾದ ಕಡೆಯೇ ಪದ್ಯದ ಗಂಟಿದೆ. ಇದು ಕೀಳು ಉಪಾಯವಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪದ್ಯಗಳನ್ನು ಕನ್ನಡದಲ್ಲಿ ಹೇಳಹೊರಟಾಗ ಹುಟ್ಟಿದ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕಾವ್ಯಕ್ಕೇ ದಾರಿ ತೆರೆಯಿತು. ನಮ್ಮ ಕರಾವಳಿಯ ಮಂಜೇಶ್ವರದ ಗೋವಿಂದ ಪೈಗಳು ಯೇಸುಸ್ವಾಮಿಯ ಶಿಲುಬೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿಸಿದರು. ಇನ್ನೊಬ್ಬರ ನೋವನ್ನು ತನ್ನ ನುಡಿಯಲ್ಲಿ ಹೇಳಿನೋಡಿದಾಗ ಮನಸ್ಸು ಎಷ್ಟು ಹಿಗ್ಗುತ್ತದೆಂಬುದಕ್ಕೆ ಅದು ಸಾಕ್ಷಿ.

ಕೊನೆಯದಾಗಿ, ಮಗು ತರಗತಿಗೆ ಒಂದು ಉತ್ತರವನ್ನಲ್ಲ, ತನ್ನದೇ ಆದ ಒಂದು ಪ್ರಶ್ನೆಯನ್ನು ಕೊಂಡುಹೋಗಲಿ. ಅದೇ ಪಠ್ಯದಲ್ಲಿ ರಸ್ಕಿನ್ ಬಾಂಡ್‌ರ ಪದ್ಯವೊಂದಿದೆ: ಇಳಿವಯಸ್ಸಿನಲ್ಲಿಯೂ ಮರ ಹತ್ತುವ ಅಜ್ಜಿ, ವಿಶ್ರಾಂತಿ ವಿಧಿಸಿದ ವೈದ್ಯರು, ಮರದ ಮೇಲೆ ಮನೆ ಕಟ್ಟಿಕೊಡುವ ಮಗ. ಅದನ್ನು ಓದಿದ ಮಗು ಜಗಲಿಯಲ್ಲಿ ಕುಳಿತ ತನ್ನ ಅಜ್ಜಿಯನ್ನು "ನಿಮಗೆ ಏನಾಸೆ?" ಎಂದು ಒಮ್ಮೆ ಕೇಳಿದರೆ ಅದಕ್ಕಿಂತ ದೊಡ್ಡ ಸಿದ್ಧತೆ ಬೇಕಿಲ್ಲ.

ಅಂದು ನಾವು ಆ ಬಾಲಕಿಗೆ ಪಾಯಿಂಟ್ಸ್ ಬರೆದುಕೊಡಲಿಲ್ಲ. ಶೈಲಾಕ್‌ನ ಕಥೆಯನ್ನು ಮಾತ್ರ ಹೇಳಿ ಕಳುಹಿಸಿದೆವು. ತಾಯಿಗೆ ಸ್ವಲ್ಪ ಬೇಸರವಾದಂತೆ ತೋರಿತು. ಮುಂದಿನ ಭಾನುವಾರ ಹುಡುಗಿ ಒಬ್ಬಳೇ ಬಂದಳು. ಎರಡು ನಿಮಿಷ ಮಾತನಾಡಲು ಆಗಲಿಲ್ಲವಂತೆ. ಅರ್ಧ ನಿಮಿಷದಲ್ಲಿ ಇಂಗ್ಲಿಷ್ ಮುಗಿಯಿತಂತೆ. ಆದರೆ "ದಯೆ ಕೇಳಿದವರು ಕೊಟ್ಟರೇ?" ಎಂದು ಕೇಳಿದಳಂತೆ. ಪಕ್ಕದ ಬೆಂಚಿನ ಮುಸ್ಲಿಂ ಗೆಳತಿ ಒಂದು ಹೇಳಿದಳಂತೆ, ಹಿಂದಿನ ಬೆಂಚಿನ ಹುಡುಗ ಇನ್ನೊಂದು. ಗಂಟೆ ಹೊಡೆಯಿತು.

"ಚರ್ಚೆ ಮುಗಿಯಲೇ ಇಲ್ಲ, ಫಾದರ್" ಎಂದಳು ಹುಡುಗಿ, ತಪ್ಪೊಪ್ಪಿಕೊಳ್ಳುವವಳಂತೆ. ಮುಗಿಯದಿರಲಿ ಮಗಳೇ, ಎಂದೆವು ನಾವು.